ಕಾರಿನ ಕ್ರೋಮ್ ಕಪ್ಪು ಮಾಡಿಸೋ ಮುನ್ನ: ವಿನೈಲ್, ಡಿಪ್, ಪೇಂಟ್, ಕಂಪನಿ ಪಾರ್ಟ್ – ಯಾವ ಜಾಗಕ್ಕೆ ಯಾವುದು?

ಆಯುಧಪೂಜೆಯ ಮರುದಿನ ಬೆಳಿಗ್ಗೆ ಕಾರಿಗೆ ಕಟ್ಟಿದ್ದ ಬಾಳೆಕಂದು ಬಿಚ್ಚುತ್ತಿದ್ದೆ. ಚೆಂಡುಹೂವಿನ ಹಾರ ಜಾರದಿರಲಿ ಅಂತ ಗ್ರಿಲ್‌ಗೆ ಎರಡು ಕಡೆ ಟೇಪ್ ಅಂಟಿಸಿದ್ದೆವು. ಟೇಪ್ ಎಳೆದರೆ ಅದರ ಜೊತೆ ಬೆರಳಗಲದ ಕಪ್ಪು ಬಣ್ಣವೂ ಎದ್ದು ಬಂತು. ಕೆಳಗೆ ಕ್ರೋಮ್ ಹೊಸದರ ಹಾಗೆ ಫಳಫಳ ಹೊಳೆಯುತ್ತಿತ್ತು. ಮೂರು ತಿಂಗಳ ಹಿಂದಷ್ಟೇ ಒಂದು ಅಂಗಡಿಯಲ್ಲಿ ಮಾಡಿಸಿದ್ದ ಕೆಲಸ ಅದು. ಅಂಚಿಗೆ ಉಗುರು ತಾಗಿಸಿದೆ. ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯಂತೆ ಸುಲಿದುಕೊಂಡು ಬಂತು.

ಅದೇ ಕಾರಿನ ಕಿಟಕಿ ಪಟ್ಟಿಗಳಿಗೆ ಹಾಕಿಸಿದ್ದ ವಿನೈಲ್ (ಅಂಟಿಸುವ ತೆಳು ಪ್ಲಾಸ್ಟಿಕ್ ಹಾಳೆ) ಮಾತ್ರ ಒಂದು ಕೂದಲೆಳೆಯಷ್ಟೂ ಎದ್ದಿರಲಿಲ್ಲ. ಕಾರು ಒಂದೇ, ಮಳೆ ಬಿಸಿಲು ಒಂದೇ. ಆಮೇಲೆ ಕೂತು ಯೋಚಿಸಿದಾಗ ಅರ್ಥವಾಯಿತು, ನಾನು ಕೇಳಿದ ಪ್ರಶ್ನೆಯೇ ಸರಿ ಇರಲಿಲ್ಲ. "ಯಾವ ವಿಧಾನ ಒಳ್ಳೇದು?" ಅಂತ ಕೇಳಿದ್ದೆ. "ಈ ಭಾಗ ಯಾವುದರಿಂದ ಮಾಡಿದ್ದು, ಇದಕ್ಕೆ ದಿನಾ ಏನೇನು ತಾಗುತ್ತೆ?" ಅಂತ ಕೇಳಬೇಕಿತ್ತು. ಈ ಬರಹ ಪೂರ್ತಿ ಆ ಪ್ರಶ್ನೆಯ ಮೇಲೆಯೇ ನಿಂತಿದೆ.

ಮೊದಲು ಕ್ರೋಮ್ ಯಾವುದು ಅಂತ ನೋಡಿ

ಕಾರಿನಲ್ಲಿ ಬೆಳ್ಳಗೆ ಹೊಳೆಯುವುದೆಲ್ಲ ಒಂದೇ ವಸ್ತುವಲ್ಲ. ಗ್ರಿಲ್, ಲೋಗೋ, ಫಾಗ್ ಲ್ಯಾಂಪ್ ಸುತ್ತಿನ ಬಳೆ, ಬಾಗಿಲ ಹಿಡಿ, ಡಿಕ್ಕಿಯ ಮೇಲಿನ ಅಡ್ಡಪಟ್ಟಿ – ಇವು ಹೆಚ್ಚಾಗಿ ಎಬಿಎಸ್ ಪ್ಲಾಸ್ಟಿಕ್. ಅದರ ಮೇಲೆ ಕ್ರೋಮ್ ಲೇಪನ. ಕಿಟಕಿಯ ಕೆಳಗೆ ಓಡುವ ಉದ್ದ ಪಟ್ಟಿ ನಮ್ಮ ಎಷ್ಟೋ ಕಾರುಗಳಲ್ಲಿ ಸ್ಟೇನ್‌ಲೆಸ್ ಸ್ಟೀಲ್. ಜರ್ಮನ್ ಕಾರುಗಳಲ್ಲಿ ಅದೇ ಜಾಗದಲ್ಲಿ ಆನೊಡೈಸ್ ಮಾಡಿದ ಅಲ್ಯೂಮಿನಿಯಂ ಇರುವುದು ಜಾಸ್ತಿ. ಇನ್ನೊಂದು ಜಾತಿ ಇದೆ: ಕಾರು ತಗೊಂಡಾಗ "ಕ್ರೋಮ್ ಕಿಟ್" ಅಂತ ಹಾಕಿಕೊಡುತ್ತಾರಲ್ಲ, ಡಬಲ್ ಟೇಪಿನಲ್ಲಿ ಅಂಟಿಸುವ ಗಾರ್ನಿಷ್, ಅದು.

ಗುರುತಿಸುವುದು ಸುಲಭ. ಉಗುರಿನಿಂದ ತಟ್ಟಿ. ಪ್ಲಾಸ್ಟಿಕ್ ಆದರೆ ಟೊಕ್ ಅಂತ ಮಂಕು ಸದ್ದು. ಬೆಳಿಗ್ಗೆ ಬೇಗ ಮುಟ್ಟಿ ನೋಡಿ. ಲೋಹವಾದರೆ ತಣ್ಣಗೆ ಕೊರೆಯುತ್ತದೆ, ಪ್ಲಾಸ್ಟಿಕ್ ಅಷ್ಟು ತಣ್ಣಗಿರುವುದಿಲ್ಲ. ಫ್ರಿಜ್ಜಿನ ಮ್ಯಾಗ್ನೆಟ್ ಇಟ್ಟಾಗ ಗಟ್ಟಿಯಾಗಿ ಹಿಡಿದರೆ ಅದು ಸ್ಟೀಲ್. ಟ್ರಿಮ್‌ಗೆ ಬಳಸುವ 430 ದರ್ಜೆಯ ಸ್ಟೇನ್‌ಲೆಸ್‌ಗೆ ಮ್ಯಾಗ್ನೆಟ್ ಹಿಡಿಯುತ್ತದೆ. ಅಲ್ಯೂಮಿನಿಯಂಗೆ ಹಿಡಿಯುವುದೇ ಇಲ್ಲ.

ಇಷ್ಟು ತಲೆ ಕೆಡಿಸಿಕೊಳ್ಳುವುದು ಯಾಕೆ ಅಂದರೆ, ಪ್ಲಾಸ್ಟಿಕ್ ಮೇಲಿನ ಕ್ರೋಮ್ ಬಣ್ಣ ಹಿಡಿಯುವ ಮೇಲ್ಮೈಯೇ ಅಲ್ಲ. ಅದನ್ನು ಮಾಡುವ ರೀತಿ ನೋಡಿ. ಎಬಿಎಸ್ ತುಂಡನ್ನು ಮೊದಲು ಆಮ್ಲದಲ್ಲಿ ಅದ್ದುತ್ತಾರೆ. ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ಗುಳಿಗಳಾಗುತ್ತವೆ. ಆ ಗುಳಿಗಳಲ್ಲಿ ಲೋಹ ಬೇರು ಬಿಟ್ಟ ಹಾಗೆ ಕೂರುತ್ತದೆ. ಆಮೇಲೆ ತಾಮ್ರ, ಅದರ ಮೇಲೆ ನಿಕ್ಕಲ್, ಕೊನೆಗೆ ಕ್ರೋಮಿಯಂ. ಆ ಕೊನೆಯ ಪದರ ಒಂದು ಮೈಕ್ರಾನ್‌ಗಿಂತಲೂ ತೆಳು. ನಮಗೆ ಕಾಣುವ ಹೊಳಪು ಹೆಚ್ಚಾಗಿ ನಿಕ್ಕಲ್‌ದು. ಕ್ರೋಮಿಯಂ ಅದನ್ನು ಕಾಯುವ ಕವಚ. ಈ ಕವಚ ಗಾಜಿನಷ್ಟು ನುಣುಪು, ಏನನ್ನೂ ಹೀರುವುದಿಲ್ಲ. ಬಣ್ಣ ಅದರ ಮೇಲೆ ಕೂರುತ್ತದೆ, ಅಂಟುವುದಿಲ್ಲ. ನನ್ನ ಗ್ರಿಲ್‌ನಲ್ಲಿ ಆದದ್ದೂ ಅದೇ. ಉಜ್ಜದೆ, ಪ್ರೈಮರ್ ಹಾಕದೆ ನೇರವಾಗಿ ಕಪ್ಪು ಹೊಡೆದಿದ್ದರು.

ಕರಾವಳಿಯವರು ಇನ್ನೊಂದು ಪರೀಕ್ಷೆ ಮಾಡಿಕೊಳ್ಳಬೇಕು. ಉಡುಪಿ, ಮಂಗಳೂರು, ಕಾರವಾರದ ಉಪ್ಪುಗಾಳಿಗೆ ಕ್ರೋಮಿನ ಸೂಕ್ಷ್ಮ ರಂಧ್ರಗಳ ಮೂಲಕ ಕೆಳಗಿನ ನಿಕ್ಕಲ್ ಕೊರೆದು ಹೋಗುತ್ತದೆ. ಮೇಲೆ ಎಳ್ಳಿನಂಥ ಚುಕ್ಕೆಗಳು ಏಳುತ್ತವೆ. ಬೆರಳು ಸವರಿದಾಗ ತರಿತರಿ ಅನಿಸಿದರೆ ಅದರ ಮೇಲೆ ವಿನೈಲ್ ಹಾಕಿಸಬೇಡಿ. ಒಳ್ಳೆಯ ವಿನೈಲ್ ಅಷ್ಟು ತೆಳ್ಳಗಿರುತ್ತದೆ, ಕೆಳಗಿನ ಪ್ರತಿ ಚುಕ್ಕೆಯೂ ಮೇಲೆ ಎದ್ದು ಕಾಣುತ್ತದೆ.

ಸುಮ್ನೆ ಕಿತ್ತುಬಿಡಬಹುದಾದದ್ದು

ಹೊರಗಿನಿಂದ ಅಂಟಿಸಿದ ಗಾರ್ನಿಷ್ ಆದರೆ ಕಪ್ಪು ಮಾಡಿಸಲು ಖರ್ಚೇ ಬೇಡ, ತೆಗೆದುಬಿಡಿ. ಹೇರ್ ಡ್ರೈಯರ್‌ನಿಂದ ಎರಡು ಮೂರು ನಿಮಿಷ ಬಿಸಿ ಮಾಡಿ. ಗಾಳದ ನೈಲಾನ್ ದಾರವನ್ನು ಹಿಂದೆ ಹಾಕಿ ಗರಗಸದ ಹಾಗೆ ಆಡಿಸಿ. ಉಳಿದ ಅಂಟನ್ನು ಬೆರಳಿನಿಂದಲೇ ಉಂಡೆ ಮಾಡಿ ತೆಗೆಯಬಹುದು. ಬ್ಲೇಡ್ ಮಾತ್ರ ಹತ್ತಿರ ತರಬೇಡಿ. ಹಿಂದಿನ ವೇರಿಯಂಟ್ ಹೆಸರಿನ ಅಕ್ಷರಗಳಿಗೂ ಇದೇ ದಾರಿ. ಆದರೆ ಕೆಲವು ಬ್ಯಾಡ್ಜುಗಳಿಗೆ ಹಿಂದೆ ಮೊಳೆಯಂಥ ಪಿನ್ನುಗಳಿರುತ್ತವೆ. ಕಿತ್ತರೆ ತೂತು ಕಾಣುತ್ತದೆ. ನಾಲ್ಕೈದು ವರ್ಷ ಬಿಸಿಲು ಕಂಡ ಕಾರಿನಲ್ಲಿ ಅಕ್ಷರ ಇದ್ದ ಜಾಗ ನೆರಳಿನಂತೆ ಉಳಿಯಬಹುದು, ಪಾಲಿಶ್ ಮಾಡಿಸಿದರೆ ಬಹಳಷ್ಟು ಸರಿಹೋಗುತ್ತದೆ.

ವಿನೈಲ್: ಕಿಟಕಿ ಪಟ್ಟಿಗೆ ಇದೇ ಮೊದಲ ಆಯ್ಕೆ

ಕಿಟಕಿ ಪಟ್ಟಿ ಉದ್ದ, ಹೆಚ್ಚು ಕಡಿಮೆ ಚಪ್ಪಟೆ, ನೆಟ್ಟಗೆ ನಿಂತ ಭಾಗ. ವಿನೈಲ್‌ಗೆ ಇದಕ್ಕಿಂತ ಅನುಕೂಲದ ಜಾಗ ಕಾರಿನಲ್ಲಿ ಇನ್ನೊಂದಿಲ್ಲ. ನೆತ್ತಿ ಬಿಸಿಲು ಬೀಳುವ ಬಾನೆಟ್, ರೂಫ್‌ಗಿಂತ ನೆಟ್ಟಗಿರುವ ಭಾಗದಲ್ಲಿ ವಿನೈಲ್ ಜಾಸ್ತಿ ದಿನ ಬಾಳುತ್ತದೆ. ಫಿಲಂ ಕಂಪನಿಗಳೂ ಎರಡಕ್ಕೂ ಬೇರೆ ಬೇರೆ ವಾರಂಟಿ ಕೊಡುವುದು ಅದಕ್ಕೇ.

ಇಲ್ಲಿ ಮುಖ್ಯವಾಗಿ ತಿಳಿಯಬೇಕಾದ ಪದ ಎರಡು: ಕಾಸ್ಟ್ ಮತ್ತು ಕ್ಯಾಲೆಂಡರ್ಡ್. ಕಾಸ್ಟ್ ವಿನೈಲನ್ನು ದ್ರವವಾಗಿ ಹರಡಿ ಬೇಯಿಸಿ ಮಾಡುತ್ತಾರೆ, ದೋಸೆ ಹೊಯ್ದ ಹಾಗೆ. ಯಾರೂ ಎಳೆದಿರುವುದಿಲ್ಲ, ಆದ್ದರಿಂದ ಅದಕ್ಕೆ ಹಿಂದಕ್ಕೆ ಸರಿಯುವ ಗುಣ ತೀರಾ ಕಡಿಮೆ. ಕ್ಯಾಲೆಂಡರ್ಡ್ ವಿನೈಲನ್ನು ಬಿಸಿ ರೋಲರುಗಳ ನಡುವೆ ಒತ್ತಿ ಲಟ್ಟಿಸುತ್ತಾರೆ, ಚಪಾತಿ ಹಾಗೆ. ಲಟ್ಟಿಸಿದ ಚಪಾತಿ ಮತ್ತೆ ಕುಗ್ಗುವುದನ್ನು ನೋಡಿದ್ದೀರಲ್ವಾ? ಇದೂ ಬಿಸಿಲಿಗೆ ಕುಗ್ಗುತ್ತದೆ. ರಾಯಚೂರು, ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ, ಕಪ್ಪು ಪಟ್ಟಿ ಅದಕ್ಕಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಬಾಗಿಲು ಕೂಡುವ ಕಡೆ ಕಪ್ಪು ಒಂದೆರಡು ಮಿಲಿಮೀಟರ್ ಹಿಂದೆ ಸರಿದು ಬೆಳ್ಳಿಯ ದಾರದಂಥ ಗೆರೆ ಕಾಣಿಸಿಕೊಳ್ಳುತ್ತದೆ. ಒಮ್ಮೆ ಕಣ್ಣಿಗೆ ಬಿದ್ದರೆ ಮತ್ತೆ ಬೇರೇನೂ ಕಾಣುವುದಿಲ್ಲ, ಅದೇ ಕಾಣುತ್ತಿರುತ್ತದೆ.

ಕಾಸ್ಟ್ ವಿನೈಲ್‌ನಲ್ಲಿ ನಮ್ಮಲ್ಲಿ ಹೆಚ್ಚು ಕೇಳಿಬರುವ ಹೆಸರು ತ್ರೀಎಂ ಕಂಪನಿಯ 2080 ಸರಣಿ, ಏವರಿ ಡೆನಿಸನ್‌ನ ಸುಪ್ರೀಂ ವ್ರ್ಯಾಪಿಂಗ್ ಫಿಲಂ. ಅಂಗಡಿಯವರು "ತ್ರೀಎಂ ಹಾಕ್ತೀವಿ" ಅಂದರೆ ಸಾಲದು, ಯಾವ ಸರಣಿ ಅಂತ ಕೇಳಿ, ರೋಲಿನ ಹಿಂದಿನ ಕಾಗದದ ಮೇಲೆ ಮುದ್ರೆ ನೋಡಿ. ರೋಲಿನ ಅಗಲ ಸಾಮಾನ್ಯವಾಗಿ 1.52 ಮೀಟರ್. ಒಂದೊಂದು ಬಾಗಿಲಿನ ಪಟ್ಟಿಯನ್ನು ಬೇರೆ ಬೇರೆಯಾಗಿ ಕತ್ತರಿಸುವುದರಿಂದ, ಎಲ್ಲ ಕಿಟಕಿ ಪಟ್ಟಿಗೂ ಸೇರಿ ಒಂದು ಮೀಟರ್ ರೋಲ್ ಸಾಕಾಗುತ್ತದೆ. ಮೂರು ನಾಲ್ಕು ಮೀಟರಿನ ಲೆಕ್ಕ ಹೇಳಿದರೆ ಯಾಕೆ ಅಂತ ಕೇಳಿ. ಈ ಕೆಲಸದಲ್ಲಿ ದುಡ್ಡು ಹೋಗಬೇಕಾದದ್ದು ಕೈಕೆಲಸಕ್ಕೆ, ಸಾಮಾನಿಗಲ್ಲ.

ಕೈಕೆಲಸ ಅಂದೆನಲ್ಲ, ಅದರಲ್ಲಿ ಮೂರು ಘಟ್ಟ ಇವೆ. ಮೂರನ್ನೂ ಪಕ್ಕದಲ್ಲಿ ನಿಂತು ನೋಡಿ. ಮೊದಲನೆಯದು ಒರೆಸುವುದು. ಪಟ್ಟಿ ಮತ್ತು ರಬ್ಬರಿನ ಸಂದಿಯಲ್ಲಿ ವರ್ಷಗಳ ವ್ಯಾಕ್ಸ್, ಕೆಮ್ಮಣ್ಣು, ಶಾಂಪೂ ಕೂತಿರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಬಟ್ಟೆಯನ್ನು ಒಂದು ತೆಳು ಪ್ಲಾಸ್ಟಿಕ್ ಚೂರಿಗೆ ಸುತ್ತಿ ಆ ಸಂದಿಯೊಳಗೆ ತೂರಿಸಿ ಒರೆಸಬೇಕು. ಬಿಳಿ ಬಟ್ಟೆ ಬಿಳಿಯಾಗಿಯೇ ಹೊರಬರುವ ತನಕ. ಅಂಚು ಏಳುವುದು ಯಾವಾಗಲೂ ಅಲ್ಲಿಂದಲೇ.

ಎರಡನೆಯದು ಕತ್ತರಿಸುವುದು. ಕಾರಿನ ಮೇಲೇ ಬ್ಲೇಡ್ ಎಳೆಯುವವರಿದ್ದಾರೆ. ಕೈ ಪಳಗಿದವರಿಗೆ ಏನೂ ಆಗದಿರಬಹುದು, ಆದರೆ ಬ್ಲೇಡ್ ಬಣ್ಣಕ್ಕೆ ತಾಗಿದರೆ ಆ ಗೆರೆಯಲ್ಲಿ ನೀರಿಳಿದು ತುಕ್ಕು ಶುರುವಾಗುತ್ತದೆ. ನಮಗೆ ಗೊತ್ತಾಗುವುದು ಎರಡು ಮಳೆಗಾಲ ಆದಮೇಲೆ. ಬ್ಲೇಡಿಲ್ಲದೆ ಕತ್ತರಿಸುವ ನೈಫ್‌ಲೆಸ್ ಟೇಪ್ ಅಂತ ಬರುತ್ತದೆ. ಟೇಪನ್ನು ಮೊದಲು ಅಂಟಿಸಿ, ಮೇಲೆ ವಿನೈಲ್ ಹಾಕಿ, ಟೇಪಿನೊಳಗಿನ ದಾರ ಎಳೆದರೆ ಅದೇ ಕತ್ತರಿಸಿಕೊಂಡು ಬರುತ್ತದೆ. ಅದನ್ನು ಬಳಸುತ್ತೀರಾ ಅಂತ ಕೇಳಿದಾಗ ಅವರು ಕೊಡುವ ಉತ್ತರದಲ್ಲೇ ಅಂಗಡಿ ಎಂಥದ್ದು ಅಂತ ಗೊತ್ತಾಗಿಬಿಡುತ್ತದೆ.

ಮೂರನೆಯದು ಕೊನೆಯ ಬಿಸಿ. ಹಾಕಿ ಮುಗಿದ ಮೇಲೆ ಎಳೆದ ಜಾಗ, ಮಡಚಿದ ಅಂಚಿಗೆಲ್ಲ ಹೀಟ್ ಗನ್ನಿನಿಂದ 90 ಡಿಗ್ರಿಗೂ ಮೇಲೆ ಬಿಸಿ ಕೊಡಬೇಕು. ಆಗ ವಿನೈಲ್ ತನ್ನ ಹಳೆಯ ಆಕಾರ ಮರೆತು ಹೊಸ ಆಕಾರಕ್ಕೆ ಒಗ್ಗುತ್ತದೆ. ಸಂಜೆ ಗಡಿಬಿಡಿಯಲ್ಲಿ ಬಿಟ್ಟುಹೋಗುವುದು ಇದೇ ಘಟ್ಟ. ಬಿಸಿ ಅಂದಾಜಿನಲ್ಲಿ ಕೊಡುವುದಲ್ಲ, ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಅವರ ಹತ್ತಿರ ಇದೆಯಾ ನೋಡಿ.

ವಿನೈಲ್ ಎಲ್ಲಿ ಬೇಡ? ಜೇನುಗೂಡಿನಂಥ ಗ್ರಿಲ್‌ಗೆ ಬೇಡವೇ ಬೇಡ. ಆಳವಾದ ಗುಳಿಗೆ ಎಳೆದು ಕೂರಿಸಿದ ವಿನೈಲ್ ಇವತ್ತಲ್ಲ ನಾಳೆ ಎದ್ದೇ ಏಳುತ್ತದೆ. ಎರಡು ಮೂರು ಅಡ್ಡಪಟ್ಟಿ ಇರುವ ಗ್ರಿಲ್ ಆದರೆ ಪರವಾಗಿಲ್ಲ. ಮಲೆನಾಡಿನವರು, ಕರಾವಳಿಯವರು ಜೂನ್‌ನಿಂದ ಸೆಪ್ಟೆಂಬರ್ ತನಕ ಈ ಕೆಲಸ ಮಾಡಿಸದೇ ಇರುವುದು ಒಳ್ಳೆಯದು. ರಬ್ಬರಿನ ಹಿಂದೆ ನಿಂತ ನೀರು ಒಣಗುವುದೇ ಇಲ್ಲ.

ಡಿಪ್: ಬೇಡ ಅನಿಸಿದರೆ ಕಿತ್ತೊಗೆಯಬಹುದಾದ ರಬ್ಬರ್ ಬಣ್ಣ

ಪ್ಲಾಸ್ಟಿ ಡಿಪ್ ಅಮೆರಿಕದ ಮಿನ್ನೆಸೋಟ ರಾಜ್ಯದ ಸರಕು. ಇಕ್ಕಳ, ಸುತ್ತಿಗೆಯ ಹಿಡಿಯನ್ನು ಅದ್ದಿ ತೆಗೆಯಲು ಬಂದದ್ದು, ಆಮೇಲೆ ಸ್ಪ್ರೇ ಡಬ್ಬಿಯಾಗಿ ಕಾರಿಗೂ ಬಂತು. ಈಗ ಅದೇ ಥರದ ಬೇರೆ ಕಂಪನಿಗಳವೂ ಸಿಗುತ್ತವೆ. ಒಣಗಿದ ಮೇಲೆ ತೆಳು ರಬ್ಬರ್ ಹಾಳೆಯ ಹಾಗಾಗುತ್ತದೆ. ಬೇಡ ಅಂದಾಗ ಮೂಲೆಯಿಂದ ಎಳೆದರೆ ಬಾಳೆಹಣ್ಣಿನ ಸಿಪ್ಪೆಯಂತೆ ಬರುತ್ತದೆ. ಕೆಳಗಿನ ಕ್ರೋಮ್ ಹಾಗೇ ಇರುತ್ತದೆ.

ಮನೆಯಲ್ಲೇ ಮಾಡಿಕೊಳ್ಳುವ ಆಸೆ ಇದ್ದವರಿಗೆ ನಾನು ಧೈರ್ಯವಾಗಿ ಹೇಳುವುದು ಇದೊಂದನ್ನೇ. ತಪ್ಪಾದರೆ ಕಿತ್ತು ಮತ್ತೆ ಶುರು ಮಾಡಬಹುದು. ಲೋಗೋ ಮತ್ತು ಸಣ್ಣ ಗ್ರಿಲ್‌ಗೆ 311 ಗ್ರಾಂ ಡಬ್ಬಿ ಒಂದು ಸಾಕು. ಮೊದಲ ಕೋಟ್ ಮಂಜು ಬಿದ್ದ ಹಾಗೆ, ಅರ್ಧಂಬರ್ಧ ಕಾಣುವಷ್ಟು ತೆಳ್ಳಗೆ. ಇದು ಮೇಲಿನ ಕೋಟುಗಳಿಗೆ ಹಿಡಿತ. ಆಮೇಲೆ ಒಣಗಲು ಬಿಟ್ಟು ಬಿಟ್ಟು ಒಟ್ಟು ಐದಾರು ಕೋಟ್. ಜಾಸ್ತಿ ಆದಷ್ಟೂ ಒಳ್ಳೆಯದು, ಯಾಕೆಂದರೆ ತೆಳ್ಳಗೆ ಹೊಡೆದದ್ದು ಮುಂದೆ ಕೀಳುವಾಗ ಚೂರು ಚೂರಾಗಿ ಪ್ರಾಣ ತಿನ್ನುತ್ತದೆ. ಹಾಗಾದರೆ ಅದರ ಮೇಲೇ ಇನ್ನೆರಡು ದಪ್ಪ ಕೋಟ್ ಹೊಡೆದು, ಒಣಗಿಸಿ, ಆಮೇಲೆ ಎಳೆಯಿರಿ, ಒಟ್ಟಿಗೆ ಬರುತ್ತದೆ. ಮಾಸ್ಕಿಂಗ್ ಟೇಪನ್ನು ಕೊನೆಯ ಕೋಟ್ ಹಸಿ ಇರುವಾಗಲೇ ತೆಗೆಯಬೇಕು. ಒಣಗಿದ ಮೇಲೆ ತೆಗೆದರೆ ಟೇಪಿನ ಜೊತೆ ಅಂಚೂ ಹರಿದು ಬರುತ್ತದೆ.

ಡಿಪ್‌ಗೆ ಪೆಟ್ರೋಲ್ ಅಂದರೆ ಆಗುವುದಿಲ್ಲ, ತಾಗಿದ ಕಡೆ ಕರಗುತ್ತದೆ. ಇಂಧನ ಮುಚ್ಚಳದ ಸುತ್ತ ಬೇಡ. ವಾಟರ್ ವಾಷ್‌ನವರು ಪ್ರೆಶರ್ ನಳಿಕೆಯನ್ನು ಹತ್ತಿರ ಹಿಡಿದರೆ ಅಂಚು ಎದ್ದುಬಿಡುತ್ತದೆ. ಇನ್ನೊಂದು ವಿಷಯ, ಈ ಮಂಕು ರಬ್ಬರ್ ಮೇಲ್ಮೈಗೆ ಧೂಳು ಹತ್ತಿಕೊಂಡರೆ ಬೇಗ ಬಿಡುವುದಿಲ್ಲ. ಹಳ್ಳಿ ರಸ್ತೆಯಲ್ಲಿ ದಿನಾ ಓಡಾಡುವವರ ಗ್ರಿಲ್ ಒಂದು ವಾರಕ್ಕೆ ಕಂದು ಬಣ್ಣಕ್ಕೆ ತಿರುಗಿರುತ್ತದೆ.

ಹಾಗಾಗಿ ಡಿಪ್ ನನ್ನ ಲೆಕ್ಕದಲ್ಲಿ ಪ್ರಯೋಗಕ್ಕೆ. ಕಪ್ಪು ನಿಮ್ಮ ಕಾರಿಗೆ ಒಪ್ಪುತ್ತಾ ಅಂತ ಆರು ತಿಂಗಳು ನೋಡಲು, ಕಂಪನಿ ಕೊಟ್ಟ ಲೀಸ್ ಕಾರಿಗೆ, ಮುಂದಿನ ವರ್ಷ ಮಾರುವ ಕಾರಿಗೆ. ಕಿಟಕಿ ಪಟ್ಟಿಗೆ ಬೇಡ. ಗಾಜು ಒರೆಸುವಾಗ, ಕೈ ಹೊರಗಿಟ್ಟು ಕೂತಾಗ ಅಂಚು ಸವೆಯುತ್ತದೆ.

ಪೇಂಟ್: ಸರಿಯಾಗಿ ಮಾಡಿದರೆ ಎಲ್ಲಕ್ಕಿಂತ ಗಟ್ಟಿ

ನನ್ನ ಗ್ರಿಲ್ ಹಾಳಾಯಿತು ಅಂತ ಪೇಂಟನ್ನೇ ದೂರುವುದಿಲ್ಲ. ಕಾರಿನ ಬಾಡಿಗೆ ಹಾಕುವ ಹಾಗೆ ಪೂರ್ತಿ ಕ್ರಮದಲ್ಲಿ ಹಾಕಿದ ಕಪ್ಪು ಹತ್ತು ವರ್ಷ ಬಾಳಬಲ್ಲದು. ಕರಾವಳಿಯಲ್ಲಿ ಚುಕ್ಕೆ ಬಿದ್ದ ಕ್ರೋಮ್‌ಗೆ ಭಾಗವನ್ನೇ ಬದಲಾಯಿಸದಿದ್ದರೆ ಇದೊಂದೇ ದಾರಿ. ಆ ಚುಕ್ಕೆಗಳನ್ನು ಉಜ್ಜಿ ಸಮ ಮಾಡಿದ ಮೇಲೆ ಬಣ್ಣ ಬರುತ್ತದಲ್ಲ.

ಕ್ರಮ ಹೀಗೆ. ಭಾಗವನ್ನು ಕಾರಿನಿಂದ ಬಿಚ್ಚಬೇಕು, ಕಾರಿನ ಮೇಲೇ ಹೊಡೆದದ್ದಕ್ಕೆ ಅಂಚಿನಲ್ಲಿ ಹಿಡಿತವಿಲ್ಲ. ಸಾಬೂನು ನೀರು, ಆಮೇಲೆ ವ್ಯಾಕ್ಸ್ ತೆಗೆಯುವ ದ್ರಾವಣ. 320ರಿಂದ 400 ನಂಬರಿನ ವಾಟರ್ ಪೇಪರಿನಲ್ಲಿ ನೀರು ಹಾಕಿ ಉಜ್ಜುವುದು. ಒಣಗಿದ್ದನ್ನು ಉಜ್ಜಿದರೆ ಲೋಹದ ಧೂಳು ಮೂಗಿಗೆ ಹೋಗುತ್ತದೆ. ಉಜ್ಜಿ ಮುಗಿಯುವಷ್ಟರಲ್ಲಿ ಕನ್ನಡಿಯಂಥ ಹೊಳಪು ಹೋಗಿ ಎಲ್ಲ ಕಡೆ ಅಲ್ಯೂಮಿನಿಯಂ ಪಾತ್ರೆಯ ತಳದ ಹಾಗೆ ಮಬ್ಬಾಗಿರಬೇಕು. ಮೂಲೆಯಲ್ಲಿ ಒಂದು ಹೊಳೆಯುವ ಚುಕ್ಕೆ ಉಳಿದರೂ ಬಣ್ಣ ಮುಂದೆ ಏಳುವುದು ಅಲ್ಲಿಂದಲೇ. ಆಮೇಲೆ ಎಪಾಕ್ಸಿ ಪ್ರೈಮರ್, ಕಪ್ಪು ಬೇಸ್ ಕೋಟ್, ಮೇಲೆ ಹಾರ್ಡನರ್ ಬೆರೆಸಿದ ಟೂ-ಕೆ ಕ್ಲಿಯರ್ ಕೋಟ್.

ಟೂ-ಕೆ ಬಗ್ಗೆ ಒಂದು ಮಾತು ಗಂಭೀರವಾಗಿ ತೆಗೆದುಕೊಳ್ಳಿ. ಅದರ ಹಾರ್ಡನರ್‌ನಲ್ಲಿ ಐಸೊಸಯನೇಟ್ ಅನ್ನುವ ರಾಸಾಯನಿಕ ಇರುತ್ತದೆ. ಆ ಮಂಜು ಶ್ವಾಸಕ್ಕೆ ಹೋದರೆ ಬಿಡದ ಆಸ್ತಮಾ ಬರಬಹುದು. ಬಟ್ಟೆಯ ಮಾಸ್ಕ್ ಇದನ್ನು ತಡೆಯುವುದಿಲ್ಲ. ಮನೆಯ ಗ್ಯಾರೇಜಿನಲ್ಲಿ, ಮಕ್ಕಳು ಓಡಾಡುವ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ದಯವಿಟ್ಟು ಹೊಡೆಯಬೇಡಿ. ಬೂತ್ (ಬಣ್ಣ ಹೊಡೆಯಲೆಂದೇ ಮಾಡಿದ ಮುಚ್ಚಿದ ಕೋಣೆ) ಇರುವ, ಹೊಡೆಯುವ ಹುಡುಗನಿಗೆ ಸರಿಯಾದ ಉಸಿರಾಟದ ಸಾಧನ ಕೊಟ್ಟಿರುವ ಕಡೆಗೇ ಹೋಗಿ. ಎರಡು ದುಡ್ಡು ಜಾಸ್ತಿ ಆದರೂ ಆಗಲಿ.

ಪೇಂಟಿನಿಂದ ಹಿಂದೆ ಬರುವ ದಾರಿ ಇಲ್ಲ. ಒಮ್ಮೆ ಉಜ್ಜಿದ ಕ್ರೋಮ್ ಮತ್ತೆ ಹೊಳೆಯುವುದಿಲ್ಲ. ಇನ್ನು ಗ್ರಿಲ್ ಬಿಚ್ಚಲು ಎಷ್ಟೋ ಕಾರುಗಳಲ್ಲಿ ಬಂಪರನ್ನೇ ಇಳಿಸಬೇಕು. ಹಳೆಯ ಪ್ಲಾಸ್ಟಿಕ್ ಕ್ಲಿಪ್ಪುಗಳು ಆಗ ಮುರಿಯುತ್ತವೆ. ಹೊಸ ಕ್ಲಿಪ್ಪುಗಳನ್ನು ಮೊದಲೇ ತರಿಸಿಡಲು ಹೇಳಿ. ಇಲ್ಲದಿದ್ದರೆ ಬಣ್ಣ ಚೆನ್ನಾಗಿ ಬಂದರೂ ಬಂಪರ್ ಒಂದು ಕಡೆ ಸಂದಿ ಬಿಟ್ಟುಕೊಂಡು ಬರುತ್ತದೆ.

ಪೌಡರ್ ಕೋಟಿಂಗ್ ಕೂಡ ಮಾಡುತ್ತೇವೆ ಅಂತ ಯಾರಾದರೂ ಹೇಳಿದರೆ: ಅದಕ್ಕೆ 180ರಿಂದ 200 ಡಿಗ್ರಿ ಒಲೆ ಬೇಕು. ಎಬಿಎಸ್ ಪ್ಲಾಸ್ಟಿಕ್ 100ರ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಅಲಾಯ್ ವೀಲ್‌ಗೆ, ಲೋಹದ ರೂಫ್ ರೇಲ್‌ಗೆ, ಹಳೆಯ ಕಾರುಗಳ ಸ್ಟೀಲ್ ಬಂಪರಿಗೆ ಸರಿ. ಗ್ರಿಲ್‌ಗೆ ಅಲ್ಲ.

ಕಂಪನಿಯ ಕಪ್ಪು ಪಾರ್ಟ್: ಜನ ಮರೆಯುವ ಆಯ್ಕೆ

ಈಗ ಕಪ್ಪು ಆವೃತ್ತಿಗಳ ಕಾಲ. ಟಾಟಾ ಹ್ಯಾರಿಯರ್ ಡಾರ್ಕ್ ಎಡಿಷನ್ 2019ರಲ್ಲಿ ಬಂತು. ಹ್ಯುಂಡೈ ಕ್ರೆಟಾ ನೈಟ್ ಎಡಿಷನ್ 2022ರಲ್ಲಿ, ಮಾರುತಿಯ ನೆಕ್ಸಾ ಬ್ಲ್ಯಾಕ್ ಎಡಿಷನ್ 2023ರಲ್ಲಿ, ಹೋಂಡಾ ಎಲಿವೇಟ್ ಬ್ಲ್ಯಾಕ್ ಎಡಿಷನ್ 2025ರಲ್ಲಿ. ಇದರಿಂದ ನಮಗೇನು ಲಾಭ ಅಂದರೆ, ನಿಮ್ಮದು ಸಾಮಾನ್ಯ ವೇರಿಯಂಟ್ ಆದರೂ ಅದೇ ಮಾದರಿಯ ಕಪ್ಪು ಆವೃತ್ತಿ ಇದ್ದರೆ ಅದರ ಗ್ರಿಲ್, ಲೋಗೋ, ಅಡ್ಡಪಟ್ಟಿಗೆ ಬೇರೆ ಪಾರ್ಟ್ ನಂಬರ್ ಇರುತ್ತದೆ. ಸರ್ವಿಸ್ ಸೆಂಟರಿನ ಸ್ಪೇರ್ಸ್ ಕೌಂಟರಿನಲ್ಲಿ ಆ ನಂಬರ್ ಕೇಳಿ ಆರ್ಡರ್ ಹಾಕಬಹುದು.

ಗ್ರಿಲ್‌ಗೆ ನಾನು ಕೊನೆಗೆ ಮಾಡಿದ್ದು ಇದನ್ನೇ. ಹಳೆಯದನ್ನು ಕೆರೆದು ಮತ್ತೆ ಪೇಂಟ್ ಮಾಡಿಸುವ ಕೂಲಿ, ಬಂಪರ್ ಇಳಿಸುವ ಕೂಲಿ ಎರಡನ್ನೂ ಕೂಡಿ ನೋಡಿದರೆ ಹೊಸ ಕಪ್ಪು ಗ್ರಿಲ್‌ಗೂ ಅದಕ್ಕೂ ವ್ಯತ್ಯಾಸ ಅಷ್ಟೇನೂ ಇರಲಿಲ್ಲ. ಅಚ್ಚಿನಲ್ಲೇ ಕಪ್ಪಾಗಿ ಬಂದ ಪ್ಲಾಸ್ಟಿಕ್ಕಿನಲ್ಲಿ ಕಲ್ಲು ಹಾರಿ ಚೂರು ಎದ್ದರೂ ಒಳಗೂ ಕಪ್ಪೇ. ಹಳೆಯ ಕ್ರೋಮ್ ಗ್ರಿಲ್ ಚೆನ್ನಾಗಿದ್ದರೆ ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಡಿ. ಕಾರು ಮಾರುವಾಗ ಕ್ರೋಮ್ ಬೇಕು ಅನ್ನುವವರೂ ಬರುತ್ತಾರೆ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಇದೇ ಗ್ರಿಲ್‌ನ ಬೇರೆ ಕಂಪನಿಯ ನಕಲು ಕಡಿಮೆಗೆ ಸಿಗುತ್ತದೆ. ತಗೊಳ್ಳುವುದಾದರೆ ಹಳೆಯ ಗ್ರಿಲ್ ಜೊತೆ ಇಟ್ಟು ಹಿಂದಿನ ಕೊಂಡಿಗಳನ್ನು ಒಂದೊಂದಾಗಿ ಎಣಿಸಿ ಹೊಂದಿಸಿ ನೋಡಿ. ಮುಂದಿನ ಅಂದ ಯಾರು ಬೇಕಾದರೂ ಮಾಡುತ್ತಾರೆ, ಕೊಂಡಿ ಸರಿ ಕೂರದಿದ್ದರೆ ಹಂಪ್ ಹಾರಿದಾಗಲೆಲ್ಲ ಕಟಕಟ ಅನ್ನುತ್ತಿರುತ್ತದೆ.

ಹೊಳಪಾ, ಮಬ್ಬಾ?

ಅಂಗಡಿಯಲ್ಲಿ ಎಲ್ಲರೂ ಗ್ಲಾಸಿ ಬ್ಲ್ಯಾಕ್, ಅಂದರೆ ಹೊಳೆಯುವ ಕಪ್ಪು ಅನ್ನುತ್ತಾರೆ. ಸ್ಯಾಂಪಲ್ ಕಾರ್ಡಿನಲ್ಲಿ ಅದೇ ಚಂದ. ಆದರೆ ಕಿಟಕಿ ಪಟ್ಟಿಯ ಪಕ್ಕದಲ್ಲೇ ಗಾಜಿನ ರಬ್ಬರ್ ಇದೆ, ಅದು ಮಬ್ಬು ಕಪ್ಪು. ಪಟ್ಟಿಗೆ ಸ್ಯಾಟಿನ್ (ಅರೆ ಹೊಳಪಿನ ಕಪ್ಪು) ಹಾಕಿದರೆ ರಬ್ಬರಿನ ಜೊತೆ ಬೆರೆತು ಕಾರ್ಖಾನೆಯಿಂದಲೇ ಹಾಗೆ ಬಂದಂತೆ ಕಾಣುತ್ತದೆ. ಬೋರ್‌ವೆಲ್ ನೀರಿನಲ್ಲಿ ಕಾರು ತೊಳೆಯುವವರಿಗಂತೂ ಗ್ಲಾಸಿ ಬೇಡ. ಒಂದೊಂದು ಹನಿಯೂ ಬಿಳಿ ಉಂಗುರವಾಗಿ ಒಣಗುತ್ತದೆ, ಉಜ್ಜಿದರೆ ಗೀರು. ಬಿ-ಪಿಲ್ಲರ್ (ಮುಂದಿನ, ಹಿಂದಿನ ಬಾಗಿಲ ನಡುವಿನ ಕಂಬ) ಗ್ಲಾಸಿ ಕಪ್ಪಾಗಿದ್ದು, ದಿನಾ ಒಣ ಮೈಕ್ರೋಫೈಬರ್‌ನಲ್ಲಿ ಒರೆಸುವ ತಾಳ್ಮೆ ಇದ್ದರೆ ಮಾತ್ರ ಗ್ಲಾಸಿ. ಪೂರ್ತಿ ಮ್ಯಾಟ್‌ನಲ್ಲಿ ವ್ಯಾಕ್ಸ್ ಕೂತರೆ ಬಿಳಿ ಕಲೆ ಬಿಡುತ್ತದೆ, ಎಣ್ಣೆ ಕೈ ತಾಗಿದರೂ ಕಾಣುತ್ತದೆ.

ಮುಟ್ಟದೇ ಇರಬೇಕಾದ ಜಾಗಗಳು

ಅಡಾಸ್ (ಓಡಿಸುವವರಿಗೆ ನೆರವಾಗುವ ಸೆನ್ಸಾರ್ ವ್ಯವಸ್ಥೆ) ಇರುವ ಕೆಲವು ಕಾರುಗಳಲ್ಲಿ ರಡಾರ್ ಇರುವುದು ಮುಂದಿನ ಲೋಗೋದ ಹಿಂದೆ. ಆ ಲೋಗೋ ಸಾಮಾನ್ಯ ಕ್ರೋಮ್ ಅಲ್ಲ, ರಡಾರ್ ಕಿರಣ ಹಾಯುವಂತೆ ಮಾಡಿದ ವಿಶೇಷ ಭಾಗ. ಅದರ ಮೇಲೆ ಬಣ್ಣ, ಡಿಪ್, ವಿನೈಲ್ ಏನೇ ಹಾಕಿದರೂ ಮುಂದಿನ ವಾಹನದ ದೂರ ಅಳೆಯುವುದರಲ್ಲಿ ಏರುಪೇರಾಗಬಹುದು. ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆ ಅದನ್ನೇ ನಂಬಿರುತ್ತದೆ. ಲೋಗೋ ಹಾಗೇ ಬಿಡಿ, ಸುತ್ತಲಿನ ಗ್ರಿಲ್ ಕಪ್ಪಾದರೆ ಅದು ಚೆನ್ನಾಗಿಯೇ ಕಾಣುತ್ತದೆ. ಬಂಪರಿನ ಪಾರ್ಕಿಂಗ್ ಸೆನ್ಸಾರ್ ಗುಂಡಿಗಳಿಗೂ ಇದೇ ಮಾತು.

ಸೈಲೆನ್ಸರ್ ತುದಿಗೆ ವಿನೈಲ್, ಡಿಪ್ ಎರಡೂ ನಿಲ್ಲುವುದಿಲ್ಲ, ಸುಟ್ಟುಹೋಗುತ್ತವೆ. ಬಾಗಿಲ ಹಿಡಿಯನ್ನು ದಿನಕ್ಕೆ ಹತ್ತು ಸಲ ಹಿಡಿಯುತ್ತೇವೆ, ಉಂಗುರ, ಬಳೆ, ಕೀಲಿ ತಾಗುತ್ತಲೇ ಇರುತ್ತದೆ. ಅಲ್ಲಿ ಕಪ್ಪು ಬೇಕೇ ಬೇಕು ಅಂದರೆ ಕಂಪನಿಯ ಬಾಡಿ ಬಣ್ಣದ ಅಥವಾ ಕಪ್ಪು ಹಿಡಿ ತರಿಸಿ ಬದಲಾಯಿಸುವುದೇ ಸರಿ.

ಕಾನೂನಿನ ಭಯ ಇದರಲ್ಲಿ ಅಷ್ಟಿಲ್ಲ. ಆರ್‌ಸಿಯಲ್ಲಿ ಬರೆದಿರುವುದು ಬಾಡಿಯ ಬಣ್ಣ, ಟ್ರಿಮ್ ಬಣ್ಣವಲ್ಲ. ಆದರೆ ಅದೇ ಉತ್ಸಾಹದಲ್ಲಿ ಟೈಲ್ ಲ್ಯಾಂಪಿಗೆ ಕಪ್ಪು ಫಿಲಂ ಹಾಕಿಸಬೇಡಿ, ಹಿಂದೆ ಬರುವವನಿಗೆ ಮಳೆಯಲ್ಲಿ ಬ್ರೇಕ್ ದೀಪ ಕಾಣಬೇಕು. ಗಾಜಿನಲ್ಲಿ ಮುಂದೆ, ಹಿಂದೆ 70 ಪ್ರತಿಶತ, ಪಕ್ಕದಲ್ಲಿ 50 ಪ್ರತಿಶತ ಬೆಳಕು ಹಾಯಲೇಬೇಕು. ನಂಬರ್ ಪ್ಲೇಟಿನ ಫ್ರೇಮ್ ಕಪ್ಪು ಮಾಡುವಾಗ ಅದರ ಮೂಲೆಯ ಅಶೋಕ ಚಕ್ರದ ಹೊಲೋಗ್ರಾಮ್ ಮುಚ್ಚದಂತೆ ನೋಡಿಕೊಳ್ಳಿ.

ನಾನಾಗಿದ್ದರೆ

ಹೊಸ ಕಾರು, ಕ್ರೋಮ್ ಚೊಕ್ಕಟ, ಐದಾರು ವರ್ಷ ಇಟ್ಟುಕೊಳ್ಳುವ ಯೋಚನೆ: ಕಿಟಕಿ ಪಟ್ಟಿಗೆ ಸ್ಯಾಟಿನ್ ಕಾಸ್ಟ್ ವಿನೈಲ್, ಗ್ರಿಲ್‌ಗೆ ಕಂಪನಿಯ ಕಪ್ಪು ಪಾರ್ಟ್, ಉಳಿದದ್ದಕ್ಕೆ ಕೈ ಹಾಕುವುದಿಲ್ಲ. ಮಂಗಳೂರಿನಲ್ಲಿ ಏಳೆಂಟು ವರ್ಷ ಓಡಿದ, ಗ್ರಿಲ್ ತರಿತರಿಯಾದ ಸೆಡಾನ್: ಬಿಚ್ಚಿ, ಉಜ್ಜಿ, ಪೂರ್ತಿ ಕ್ರಮದ ಪೇಂಟ್, ಅದೂ ದೀಪಾವಳಿ ಕಳೆದ ಮೇಲೆ ಗಾಳಿ ಒಣಗಿದಾಗ. ಲೀಸ್ ಕಾರು ಅಥವಾ ಮನೆಯಲ್ಲಿ ಇನ್ನೂ ಒಮ್ಮತ ಇಲ್ಲದ ಕಾರು: ಗ್ರಿಲ್‌ಗೆ ಡಿಪ್ ಮಾತ್ರ. ಎಲ್ಲದಕ್ಕೂ ದುಡ್ಡು ಹೊಂದದಿದ್ದರೆ ಕಿಟಕಿ ಪಟ್ಟಿ ಒಂದನ್ನೇ ಮಾಡಿಸಿ. ಕಾರಿನ ನೋಟ ಬದಲಾಗುವುದು ಮುಕ್ಕಾಲು ಪಾಲು ಅಲ್ಲೇ. ಹತ್ತಡಿ ದೂರ ನಿಂತು ಪಕ್ಕದಿಂದ ನೋಡಿದರೆ ಗೊತ್ತಾಗುತ್ತದೆ.

ಹಳೆಯ ಅಂಬಾಸಿಡರ್, ಪದ್ಮಿನಿ ಇಟ್ಟುಕೊಂಡವರಲ್ಲಿ ಮಾತ್ರ ಒಂದು ಕೋರಿಕೆ. ಆ ಬಂಪರ್, ಆ ಗ್ರಿಲ್ ಅಸಲಿ ಲೋಹದ ಮೇಲಿನ ಅಸಲಿ ಕ್ರೋಮ್. ಮಂಕಾಗಿದ್ದರೆ ಮತ್ತೆ ಪ್ಲೇಟಿಂಗ್ ಮಾಡಿಸಿ. ಆ ಮುಖಕ್ಕೆ ಹೊಳಪೇ ಚಂದ.

ಗಾಡಿ ವಾಪಸ್ ತಗೊಳ್ಳುವಾಗ

ಹಗಲು ಬೆಳಕಿನಲ್ಲೇ ನೋಡಿ. ನಾಲ್ಕೂ ಬಾಗಿಲು ತೆರೆದು ಪಟ್ಟಿಯ ತುದಿಗಳನ್ನು ನೋಡಿ, ವಿನೈಲ್ ಒಳಕ್ಕೆ ಮಡಚಿರಬೇಕು, ಅಂಚಿನಲ್ಲೇ ಕತ್ತರಿಸಿರಬಾರದು. ಗಾಜನ್ನು ಒಮ್ಮೆ ಪೂರ್ತಿ ಇಳಿಸಿ ಏರಿಸಿ. ಮೊದಲ ವಾರ ನೀರು ಹಾಕಿ ತೊಳೆಯಬೇಡಿ. ಆಮೇಲೂ ಪ್ರೆಶರ್ ನಳಿಕೆ ಒಂದಡಿಗಿಂತ ಹತ್ತಿರ ಬರದಂತೆ ತೊಳೆಯುವ ಹುಡುಗನಿಗೆ ಹೇಳಿ.

ಹಬ್ಬದ ದಿನ ಹಾರವನ್ನು ದಾರದಿಂದ ಕಟ್ಟಿ, ಟೇಪ್ ಬೇಡ. ಕುಂಕುಮವನ್ನು ಕಪ್ಪು ಭಾಗಕ್ಕೆ ಹಚ್ಚುವ ಬದಲು ಗಾಜಿಗೆ ಅಥವಾ ಬಾನೆಟ್ಟಿಗೆ ಹಚ್ಚಿ, ಸಂಜೆಗೇ ಒರೆಸಿಬಿಡಿ. ಮಬ್ಬು ಕಪ್ಪಿನಲ್ಲಿ ಒದ್ದೆ ಕುಂಕುಮ ಒಂದು ರಾತ್ರಿ ಕೂತರೆ ಕೆಂಪು ಛಾಯೆ ಉಳಿಯುತ್ತದೆ, ನಮ್ಮ ಕಾರಿನ ಹಿಂದಿನ ಪಟ್ಟಿಯಲ್ಲಿ ಈಗಲೂ ಒಂದು ಇದೆ.

ಕೊನೆಗೆ ಉಳಿದ ವಿನೈಲ್ ಕೇಳಿ ತಗೊಳ್ಳಿ. ನೀವು ದುಡ್ಡು ಕೊಟ್ಟದ್ದೇ ಅದು. ಒಂದು ಬಾಗಿಲಿನಷ್ಟು ಉದ್ದದ ತುಂಡನ್ನು ಮಡಚದೆ, ಸುರುಳಿ ಸುತ್ತಿ, ಬೀರುವಿನೊಳಗೆ ನಿಲ್ಲಿಸಿಡಿ. ಮುಂದೆ ಯಾವತ್ತೋ ಸಿಗ್ನಲ್ಲಿನಲ್ಲಿ ಒಂದು ಬೈಕಿನ ಹ್ಯಾಂಡಲ್ ಉಜ್ಜಿಕೊಂಡು ಹೋದಾಗ, ಅದೇ ಕಪ್ಪು, ಅದೇ ಮಬ್ಬು ಇರುವ ಆ ತುಂಡಿನಿಂದ ಆ ಒಂದು ಪಟ್ಟಿಯನ್ನಷ್ಟೇ ಬದಲಾಯಿಸಿದರೆ ಮುಗಿಯಿತು.